ಬಾಗಿಲಿಗೆ ಬಂದ ನೀರು

ಗಂಡ ಪೂಜೆ ಕೋಣೆಯಿಂದ ಹೊರಗೆ ಬಂದ ಮೇಲೆ ವಾಣಿಶ್ರೀ ಒಳಗೆ ಹೋಗಿ ಗಿಂಡಿಯನ್ನು ಎತ್ತಿಕೊಂಡಳು. ಬೆಳಿಗ್ಗೆ ತಾನು ತುಂಬಿಟ್ಟ ನೀರು ಕಂಠದವರೆಗೂ ಹಾಗೇ ಇತ್ತು. ವಿಭೂತಿ ಗಟ್ಟಿಯ ಮೇಲೆ ಬೆರಳಿನ ಗುರುತಿತ್ತು. ಪತ್ರೆ ತಟ್ಟೆಯ ಈ ಅಂಚಿನಿಂದ ಆ ಅಂಚಿಗೆ ಸರಿದಿತ್ತು. ನೀರನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ. ಅವಳು ಗಿಂಡಿಯನ್ನು ಸೆರಗಿನ ಮರೆಯಲ್ಲಿ ಹಿತ್ತಲಿಗೆ ಒಯ್ದು, ಅದರ ಬಾಯಿಯನ್ನು ದಾಸವಾಳದ ಬುಡದ ಮಣ್ಣಿಗೆ ತಾಗಿಸಿ, ಸದ್ದಾಗದ ಹಾಗೆ ನಿಧಾನವಾಗಿ ಬಗ್ಗಿಸಿದಳು. ಬಚ್ಚಲಲ್ಲಿದ್ದ ಅತ್ತೆಗೆ ಕೇಳಿಸಬಾರದು. ಆಮೇಲೆ ಹುಣಸೆಹಣ್ಣು ಹಚ್ಚಿ ಉಜ್ಜಿ, ತೊಳೆದು, ಕಟ್ಟೆಯ ಮೇಲೆ ಬೋರಲು ಹಾಕಿದಳು.

ಎರಡು ವರ್ಷದ ಹಿಂದೆ ಯುದ್ಧದ ನಡುವೆ ಸೂಡಾನಿನಿಂದ ಬಂದಾಗಿನಿಂದ ದಿನವೂ ಹೀಗೇ. ರಾಜಕುಮಾರ್ ಸ್ನಾನ ಮುಗಿಸಿ, ಪೂಜೆ ಕೋಣೆಯ ಬಾಗಿಲು ಹಾಕಿಕೊಂಡು ಕೂರುತ್ತಾನೆ. ಕೊರಳಿನ ಕರಡಿಗೆ ಬಿಚ್ಚಿ ಇಷ್ಟಲಿಂಗವನ್ನು ಅಂಗೈಗೆ ತೆಗೆದುಕೊಳ್ಳುತ್ತಾನೋ ಇಲ್ಲವೋ ಅವಳಿಗೆ ಗೊತ್ತಿಲ್ಲ. ನೀರು ಎರೆಯುವುದಿಲ್ಲ ಎನ್ನುವುದಷ್ಟೇ ಗೊತ್ತು. ಅವಳು ಕೇಳಿಲ್ಲ, ಅವನು ಹೇಳಿಲ್ಲ. ಅವಳ ಸ್ವಂತ ಪೂಜೆ ಒಲೆ ಹಚ್ಚುವ ಮೊದಲೇ ಮುಗಿದಿರುತ್ತದೆ. ಲಿಂಗದ ಮೇಲೆ ಎರೆದ ನೀರನ್ನು ಕುಡಿಯುವಾಗ ಅವಳು ಈಗ ಕಣ್ಣು ಮುಚ್ಚುವುದಿಲ್ಲ.

"ವಾಣಿ, ಬಾರಮ್ಮ ಇಲ್ಲಿ," ಎಂದು ಮಾವ ಸದಾಶಿವಪ್ಪ ನಡುಮನೆಯಿಂದ ಕರೆದರು.

ನಡುಮನೆಯಲ್ಲಿ ಪುಸ್ತಕದ ಕಟ್ಟುಗಳು ಗೋಡೆಗೆ ಒರಗಿಕೊಂಡಿದ್ದವು. ಹಿಂದಿನ ದಿನ ಸಂಜೆಯಷ್ಟೇ ಶಿವಮೊಗ್ಗದ ಮುದ್ರಣಾಲಯದಿಂದ ಬಂದಿದ್ದವು. ಮಾವ ಒಂದು ಕಟ್ಟು ಬಿಚ್ಚಿ, ಕನ್ನಡಕ ಏರಿಸಿ, ಕುರ್ಚಿಯಲ್ಲಿ ಕೂತಿದ್ದರು. ಶಿಕಾರಿಪುರದ ಮಾರುಕಟ್ಟೆಯಲ್ಲಿ ಜೀವಮಾನವೆಲ್ಲ ದಲಾಲಿ ಅಂಗಡಿ ನಡೆಸಿದವರು ಅವರು. ಅಂಗಡಿಯನ್ನು ಅಳಿಯನಿಗೆ ವಹಿಸಿದ ಮೇಲೆ ಮಗನ ಅನುಭವವನ್ನು ಪುಸ್ತಕ ಮಾಡುವುದೇ ಅವರ ಕೆಲಸವಾಗಿತ್ತು. ಮಗ ಹೇಳಿದ್ದು ಕಡಿಮೆ. ಅಪ್ಪ ಕೇಳುತ್ತಿದ್ದರು, ಮಗ "ಹೂಂ" ಎನ್ನುತ್ತಿದ್ದ, ಅಪ್ಪ ಬರೆಯುತ್ತಿದ್ದರು. ನಾಳೆ ಹುಣ್ಣಿಮೆ. ಮಠದ ಶಿವಾನುಭವ ಗೋಷ್ಠಿಯಲ್ಲಿ ಸ್ವಾಮಿಗಳು ಪುಸ್ತಕ ಬಿಡುಗಡೆ ಮಾಡುವವರಿದ್ದರು.

"ಕೇಳ್ರಿ ಇಲ್ಲಿ," ಎಂದು ಅವರು ದನಿ ಏರಿಸಿ ಓದಿದರು. "'ಆಕಾಶದಿಂದ ಬೆಂಕಿಯ ಮಳೆ. ಮನೆಯಲ್ಲಿ ಉಳಿದಿದ್ದು ಒಂದೇ ಲೋಟ ನೀರು. ಕುಡಿದರೆ ಒಂದು ದಿನದ ಜೀವ. ಎರೆದರೆ ನಿಯಮ. ಪರದೇಶದ ಆ ಕತ್ತಲ ಕೋಣೆಯಲ್ಲಿದ್ದ ಗಂಡ ಹೆಂಡತಿ ಇಬ್ಬರೂ ನಿಯಮವನ್ನೇ ಆರಿಸಿಕೊಂಡರು...'"

"ನೀವೇ ಆ ರೂಮಿನಾಗೆ ಕೂತಿದ್ದಂಗೆ ಓದ್ತೀರಲ್ರೀ," ಎಂದರು ಅತ್ತೆ ರಾಜೇಶ್ವರಮ್ಮ, ಒದ್ದೆ ಕೂದಲು ಕೊಡವುತ್ತ. "ಆವಾಗ ನೀವು ಇಲ್ಲಿ ಮೆಕ್ಕೆಜೋಳದ ರೇಟು ಕೇಳ್ಕಂತ ಇದ್ರಿ."

"ನಿನಗೆ ಭಕ್ತಿ ಇಲ್ಲ ಬಿಡು."

"ಭಕ್ತಿ ಐತಿ. ಅದರ ಜೋಡಿ ಕಿವಿನೂ ಅದಾವು. ಹಿಂಗೆ ಕಿರುಚಿ ಓದಿದ್ರೆ ಹೆಂಗೆ?"

ಸದಾಶಿವಪ್ಪ ನಕ್ಕು ಪುಟ ತಿರುಗಿಸಿದರು. "ಇದನ್ನ ಕೇಳು. 'ಬೆಳಕು ಹರಿಯಿತು. ಬಾಗಿಲು ತೆರೆದರೆ ಹೊಸ್ತಿಲಲ್ಲಿ ತುಂಬಿದ ಒಂದು ಕ್ಯಾನು! ತಂದವರು ಯಾರು? ಇಟ್ಟವರು ಯಾರು? ಆ ಊರಿನಲ್ಲಿ ಆ ರಾತ್ರಿ ಇಲಿಯೂ ಹೊರಗೆ ಬಂದಿರಲಿಲ್ಲ. ಶಿವನೇ ತನ್ನ ಋಣ ತೀರಿಸಿದ್ದ.'" ಓದಿ ಮುಗಿಸಿದಾಗ ಅವರ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು.

ವಾಣಿಶ್ರೀ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದಳು. ಈ ಮಾತು ಹುಟ್ಟಿದ್ದು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ. ಟೀವಿಯವರು ಮೈಕು ಹಿಡಿದು, ನೀರಿಲ್ಲದೆ ಹೇಗೆ ಬದುಕಿದಿರಿ ಎಂದು ಕೇಳಿದ್ದರು. ರಾಜಕುಮಾರ್ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದು, "ಶಿವನೇ ಕೊಟ್ಟ," ಎಂದ. ಅವಳು ಪಕ್ಕದಲ್ಲೇ ನಿಂತಿದ್ದಳು. ಮನೆ ಮುಟ್ಟುವ ಹೊತ್ತಿಗೆ ಆ ಮಾತು ಅವರಿಗಿಂತ ಮುಂಚೆ ಊರಿಗೆ ಬಂದಿತ್ತು. ಆಮೇಲೆ ಅದನ್ನು ದಾಟಿ ಹೋಗಲು ಅವನಿಗೂ ದಾರಿ ಸಿಗಲಿಲ್ಲ, ಅವಳಿಗೂ ಸಿಗಲಿಲ್ಲ.

"ನಿನ್ನ ಎರಡು ಮಾತು ಹೇಳು ನೋಡಣ," ಎಂದರು ಅತ್ತೆ. ನಾಳೆ ಅವಳಿಗೂ ಸೀರೆ ಹೊದಿಸಿ ಸನ್ಮಾನ ಮಾಡುವುದೆಂದೂ, ಅವಳು ಎದ್ದು ಎರಡು ಮಾತು ಹೇಳಬೇಕೆಂದೂ ಆಗಿತ್ತು.

"ಎಲ್ಲರಿಗೂ ಶರಣು," ಎಂದಳು ವಾಣಿಶ್ರೀ. "ನಾವು ಅಲ್ಲಿ ನೀರಿಲ್ದೆ..."

"ಹೂಂ, ನೀರಿಲ್ದೆ?"

"ನೀರಿಲ್ದೆ ಇದ್ದಾಗ..." ಅಲ್ಲಿಗೆ ನಿಂತಿತು. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಜನರ ಮುಂದೆ ನಾಲಿಗೆ ಏಳುವುದಿಲ್ಲ ಎಂದು ಮನೆಯವರೆಲ್ಲ ತಿಳಿದಿದ್ದರು. ಅವಳೂ ಹಾಗೆಯೇ ತಿಳಿಯಲು ಬಿಟ್ಟಿದ್ದಳು.

"ಶಿವ ಕೊಟ್ಟ ಅನ್ನೇ ನಮ್ಮವ್ವ. ಅಷ್ಟೇ. ಏನ್ ಭಾಷಣ ಮಾಡಂತಾರಾ ನಿನಗೆ? ಗಿಣಿ ಹೇಳ್ತತಿ ಅಷ್ಟನ್ನ."

ಆಗ ಬಾಗಿಲಲ್ಲಿ ಯಾರೋ ಕೆಮ್ಮಿದರು.

ಹೊಸ್ತಿಲಿನ ಆಚೆ ಒಬ್ಬ ಹೆಂಗಸು ನಿಂತಿದ್ದರು. ಅರವತ್ತರ ಹತ್ತಿರ, ಗಟ್ಟಿ ಮೈ, ಮಾಸದ ಸೀರೆ, ಹೆಗಲಲ್ಲಿ ಬಟ್ಟೆಯ ಚೀಲ. ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಟ್ಟಿದ್ದರು. "ಸಾವ್ಕಾರ್ರ ಮನೆ ಇದೇ ಅಲ್ದಾ? ನಾನು ಜಡೆ ಊರಿಂದ ಬಂದೆ. ಹೂವಮ್ಮ ಅಂತ. ಸಂಗೀತನ ತಾಯಿ."

ವಾಣಿಶ್ರೀಗೆ ಕಂಬ ಇನ್ನೂ ಬೆನ್ನಿಗಿದೆಯೇ ಎಂದು ಕೈಯಿಂದ ಮುಟ್ಟಿ ನೋಡಬೇಕಾಯಿತು. ಆ ಹಣೆ, ಮಾತಾಡುವ ಮೊದಲು ಕತ್ತು ಓರೆ ಮಾಡುವ ಆ ರೀತಿ, ಎಲ್ಲ ಸಂಗೀತಳದೇ.

"ಬಾರಮ್ಮ, ಒಳಗೆ ಬಾ," ಎಂದರು ಸದಾಶಿವಪ್ಪ. ಅವರ ದನಿಯಲ್ಲಿ ಸೌಜನ್ಯವಿತ್ತು, ಸ್ವಲ್ಪ ಗಾಬರಿಯೂ ಇತ್ತು. ಹೂವಮ್ಮ ಒಳಗೆ ಬಂದು, ಕುರ್ಚಿ ತೋರಿಸಿದರೂ ಕೂರದೆ, ಬಾಗಿಲ ಪಕ್ಕದ ನೆಲದಲ್ಲೇ ಕೂತು ಚೀಲವನ್ನು ಮುಂದಿಟ್ಟುಕೊಂಡರು.

"ನಮ್ಮೂರ ಹುಡುಗ್ರ ಮೊಬೈಲಿಗೆ ನಾಳಿನ ಕಾರ್ಯಕ್ರಮದ್ದು ಬಂದಿತ್ತು. ಸಂಗೀತ ಭಾವ ಅಂತಿದ್ಲಲ್ಲ, ಅವರ ಫೋಟೋ ಇತ್ತು. ಪುಸ್ತಕ ಮಾಡ್ಯಾರೆ ಅಂದ್ರು. ಅದ್ಕೇ ಬೆಳಿಗ್ಗೆ ಬಸ್ಸಿಗೇ ಹೊಂಟೆ." ಅವರು ಚೀಲದಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಫೋಟೋ ತೆಗೆದರು. ಪಾಸ್‌ಪೋರ್ಟಿಗೆಂದು ತೆಗೆಸಿದ್ದನ್ನು ದೊಡ್ಡದು ಮಾಡಿಸಿದ್ದು. ಸಂಗೀತ ನಗು ತಡೆದುಕೊಂಡು ನೆಟ್ಟಗೆ ನೋಡುತ್ತಿದ್ದಳು. "ಇದನ್ನೂ ಹಾಕ್ರಿ. ಅವ್ಳೂ ಅಲ್ಲೇ ಇದ್ದೋಳಲ್ರ. ಸಣ್ಣದಾದ್ರೂ ಅಡ್ಡಿಲ್ಲ."

"ಪುಸ್ತಕ ಅಚ್ಚಾಗಿ ಬಂದುಬಿಟ್ಟೈತಮ್ಮ," ಎಂದರು ಸದಾಶಿವಪ್ಪ.

"ಹೌದನ್ರ? ಹಂಗಾರೆ ಅವ್ಳ ಬಗ್ಗೆ ಬರ್ದಿದ್ದಾದ್ರೂ ಒಂಚೂರು ಓದಿ ಹೇಳ್ರಿ. ನನಗೆ ಓದಕೆ ಬರಲ್ಲ."

ಸದಾಶಿವಪ್ಪ ಕೈಯಲ್ಲಿದ್ದ ಪುಸ್ತಕವನ್ನು ಮುಚ್ಚಿದರು, ಮತ್ತೆ ತೆರೆದರು. ಹೊರಗೆ ಹೊರಟಿದ್ದ ರಾಜಕುಮಾರ್ ಬೈಕಿನ ಕೀ ಹಿಡಿದು ಒಳಬಾಗಿಲವರೆಗೆ ಬಂದವನು ಹೂವಮ್ಮನನ್ನು ಕಂಡು ಅಲ್ಲೇ ನಿಂತ. ಫೋನಿನಲ್ಲಿ ಒಮ್ಮೆ ಮಾತಾಡಿದ್ದು ಬಿಟ್ಟರೆ ಅವನು ಅವರನ್ನು ನೋಡಿರಲಿಲ್ಲ. ಆದರೆ ಫೋಟೋ ನೋಡಿದ.

"ಇದು ಬರೀ ನಮ್ಮ ಹುಡುಗನ ಪೂಜೆ, ನಿಯಮ, ಇಂಥದ್ದರ ಬಗ್ಗೆ ಅಮ್ಮ," ಎಂದರು ಸದಾಶಿವಪ್ಪ. "ಆ ಕೋಣೆಯಾಗೆ ಗಂಡ ಹೆಂಡ್ತಿ ಇಬ್ರೇ..."

"ಇಬ್ರಲ್ಲ, ಮೂರ್ ಜನ ಇದ್ರು," ಎಂದರು ಹೂವಮ್ಮ. ಜಗಳದ ದನಿಯಲ್ಲ, ಲೆಕ್ಕ ತಪ್ಪಿದವರಿಗೆ ನೆನಪು ಮಾಡುವ ದನಿ. "ಫೋನು ಸತ್ತು ಹೋಗಕೆ ಮುಂಚೆ ಮಾಡಿದ್ಲು. 'ಅಮ್ಮಾ, ಶಿಕಾರಿಪುರದ ಅಕ್ಕ ಭಾವನ ಸಂಗ್ತಿಗೆ ಇದೀನಿ. ರಾತ್ರಿ ಅಕ್ಕನ ಪಕ್ಕದಾಗೇ ಮಲಗ್ತೀನಿ. ಹೆದ್ರಬ್ಯಾಡ' ಅಂದ್ಲು."

ರಾಜೇಶ್ವರಮ್ಮ ಸೊಸೆಯ ಮುಖ ನೋಡಿದರು.

ಸಂಗೀತ ಸೂಡಾನಿನಲ್ಲಿ ವಾಣಿಶ್ರೀಯ ಮನೆಯ ಮೇಲಿನ ಮಹಡಿಯಲ್ಲಿದ್ದ ಬೆಂಗಳೂರಿನ ದಂಪತಿಯ ಮಗು ನೋಡಿಕೊಳ್ಳಲು ಬಂದವಳು. ಅವರು ರಜೆಗೆಂದು ಮಗುವಿನ ಜೊತೆ ದುಬೈಗೆ ಹೋಗಿದ್ದಾಗ ಯುದ್ಧ ಶುರುವಾಯಿತು. ಕಿಟಕಿಯ ಗಾಜು ಬಿದ್ದ ದಿನ ಅವಳು ಎರಡು ಖಾಲಿ ನೀರಿನ ಕ್ಯಾನು, ಒಂದು ಪೊಟ್ಟಣ ಅವಲಕ್ಕಿ ಹಿಡಿದು ಕೆಳಗಿಳಿದು ಬಂದಳು. ಬಾಗಿಲಿಗೆ ಹಾಸಿಗೆ ಅಡ್ಡ ನಿಲ್ಲಿಸಿ ಮೂವರೂ ಒಳಗಿನ ಕೋಣೆಯಲ್ಲಿ ಕೂರುತ್ತಿದ್ದರು. ಗೋಡೆ ಅದುರಿದಾಗ ರಾಜಕುಮಾರ್ ಕಣ್ಣು ಮುಚ್ಚಿ ಪಂಚಾಕ್ಷರಿ ಹೇಳುತ್ತಿದ್ದ. ಅವನ ದನಿ ಒಮ್ಮೆಯೂ ಒಡೆಯುತ್ತಿರಲಿಲ್ಲ, ಅದನ್ನು ಹಿಡಿದುಕೊಂಡೇ ವಾಣಿಶ್ರೀ ಉಸಿರಾಡುತ್ತಿದ್ದಳು. ಅದು ಸುಳ್ಳಲ್ಲ. ಸದ್ದು ನಿಂತ ಮೇಲೆ ಸಂಗೀತ, "ನಮ್ಮೂರ ಮದ್ವೆ ಗರ್ನಾಲು ಇದ್ಕಿಂತ ಜೋರು ಅಕ್ಕ," ಎನ್ನುತ್ತಿದ್ದಳು. ಅದೂ ಸುಳ್ಳಲ್ಲ.

"ಹುಡುಗಿ ಒಬ್ಳು ಇದ್ಲು ಅಂತ ಇವನು ಅಂದಿದ್ದ. ಬರೆಯುವಾಗ ಎಲ್ಲರನ್ನೂ ಸೇರ್ಸಿದ್ರೆ ಉದ್ದ ಆಗ್ತತಿ ಅಂತ..." ಎಂದರು ಸದಾಶಿವಪ್ಪ.

"ಆಗ್ಲಿ ಬಿಡ್ರಿ," ಎಂದರು ಹೂವಮ್ಮ. ಫೋಟೋವನ್ನು ಮೊಣಕಾಲ ಮೇಲೆ ನಿಲ್ಲಿಸಿಕೊಂಡರು. ಆಮೇಲೆ ರಾಜಕುಮಾರನ ಕಡೆಗೆ ತಿರುಗಿದರು. "ಭಾವ, ನೀವು ಫೋನಾಗೆ ಗುಂಡು ತಾಗ್ತು ಅಂತ ಅಷ್ಟೇ ಅಂದ್ರಿ. ಎಂತಕ್ಕೆ ಹೊರಗೆ ಹೋಗಿದ್ಲು ಅವ್ಳು? ಬಾಗ್ಲು ತೆಗಿಬ್ಯಾಡ ಅಂತ ನಾನು ಬಡ್ಕಂಡಿದ್ದೆ. ಹೂಂ ಅಂದಿದ್ಲು."

ರಾಜಕುಮಾರ್ ಕೈಯಲ್ಲಿದ್ದ ಕೀ ತಿರುಗಿಸುತ್ತಿದ್ದ.

"ಎರಡು ವರ್ಷ ಆತು, ಬೈಕಂಡೇ ಇದೀನಿ ಅವ್ಳನ್ನ. ದೀಪ ಹಚ್ಚುವಾಗ ಬೈತೀನಿ. ಉಣ್ಣುವಾಗ ಬೈತೀನಿ. ನನ್ನ ಮಾತು ಕೇಳಿದ್ರೆ ನೀವಿಬ್ರೂ ಬಂದಂಗೆ ಬರ್ತಿದ್ಲು ಅಲ್ದಾ? ಊರಾಗೆ ಬೇರೆ ಒಂದು ಮಾತು ಹುಟ್ಟೈತೆ. ಯಾರದೋ ಸಂಗ್ತಿಗೆ ಓಡಿ ಹೋಗಕೆ ಅಂತ ಇಳ್ದಿದ್ಲಂತೆ. ನನ್ನ ನಾದಿನಿನೇ ಹಂಗಂತಾಳೆ, ನನ್ನ ಮುಂದೇ."

"ಜನದ ಬಾಯಿಗೆ ಏನು," ಎಂದರು ರಾಜೇಶ್ವರಮ್ಮ.

"ನಾನು ಸ್ವಲ್ಪ ಹೊರಗೆ ಹೋಗಿ ಬರ್ತೀನಿ. ಒಂದು ಮನೆ ವೈರಿಂಗ್ ಕೆಲಸ ಐತಿ," ಎಂದ ರಾಜಕುಮಾರ್. ಆದರೆ ಹೂವಮ್ಮ ಬಾಗಿಲ ಪಕ್ಕದಲ್ಲೇ ಕೂತಿದ್ದರು, ಅವರ ಚೀಲ ಹೊಸ್ತಿಲಿಗೆ ಅಡ್ಡವಾಗಿತ್ತು. ದಾಟಿ ಹೋಗಬೇಕೆಂದರೆ ಅದರ ಮೇಲೆ ಕಾಲಿಡಬೇಕಿತ್ತು. ಅವನು ಹೋಗಲಿಲ್ಲ.

"ನೀರಿಗೆ ಹೋದ್ಲಮ್ಮ," ಎಂದಳು ವಾಣಿಶ್ರೀ.

ಎಲ್ಲರೂ ಅವಳ ಕಡೆ ತಿರುಗಿದರು. ಅವಳು ಫೋಟೋವನ್ನಷ್ಟೇ ನೋಡುತ್ತಿದ್ದಳು.

"ವಾಣಿ," ಎಂದ ರಾಜಕುಮಾರ್.

"ಮನೇಲಿ ಒಂದೇ ಲೋಟ ನೀರಿತ್ತು. ಪುಸ್ತಕದಾಗೆ ಬರ್ದಿದ್ದು ಖರೆ. ಬೆಳಿಗ್ಗೆ ಇವರು ಪೂಜೆಗೆ ಕೂತ್ರು. ಎರೆದ್ರು. ಎರೆದ ನೀರನ್ನ ನಾವಿಬ್ರೂ ಕುಡಿದ್ವಿ."

"ಅವ್ಳು?"

"ನಮ್ಮ ಎದುರಿಗೇ ಕೂತಿದ್ಲು. ತೀರ್ಥ ಅಂತ ಕೈ ಮುಂದೆ ಮಾಡಿದ್ಲು. ದೇವಸ್ಥಾನದಾಗೆ ಮಾಡ್ತೀವಲ್ಲ, ಹಂಗೆ." ವಾಣಿಶ್ರೀ ಬಲಗೈಯನ್ನು ಹಾಗೆ ಬಟ್ಟಲು ಮಾಡಿದಳು. "ಇವರು, ಇದು ಲಿಂಗ ಕಟ್ಟಿದೋರಿಗೆ ಮಾತ್ರ ಅಂದ್ರು."

ಅಂದದ್ದು ಸಿಟ್ಟಿನಿಂದಲ್ಲ. ಈ ಮನೆಯಲ್ಲಿ ಮಕ್ಕಳಿಗೆ ಬುದ್ಧಿ ಬರುವ ಮೊದಲೇ ಕಲಿಸಿದ ಮಾತು ಅದು. ಪಕ್ಕದ ಮನೆಯ ಮಕ್ಕಳು ಪೂಜೆಯ ಹೊತ್ತಿಗೆ ಬಂದು ಕೈ ಚಾಚಿದರೆ ಸದಾಶಿವಪ್ಪ ಸಕ್ಕರೆ ಕೊಟ್ಟು ಕಳಿಸುತ್ತಿದ್ದರು. ಅಲ್ಲಿಯೂ ಅದು ತಾನಾಗಿಯೇ ರಾಜಕುಮಾರನ ಬಾಯಿಂದ ಹೊರಗೆ ಬಂದಿತ್ತು. ಅಂದ ಮೇಲೆ ಅವನೇ ಬೆಚ್ಚಿ ಬಟ್ಟಲ ಕಡೆ ನೋಡಿದ್ದ. ತಳದಲ್ಲಿ ಇನ್ನೂ ಒಂದು ಗುಟುಕು ಇತ್ತು. ಅಷ್ಟರಲ್ಲಿ ಸಂಗೀತ ಕೈ ಹಿಂದಕ್ಕೆ ತೆಗೆದುಕೊಂಡಾಗಿತ್ತು.

"'ಗೊತ್ತಾಗ್ಲಿಲ್ಲ ಭಾವ, ತಪ್ಪಾತು' ಅಂದ್ಲು. ನಕ್ಲು. ಒಣಗಿದ ಕೈಯನ್ನ ಚೂಡಿದಾರಕ್ಕೆ ಒರೆಸ್ಕಂಡ್ಲು." ವಾಣಿಶ್ರೀಯ ದನಿ ಏರಲಿಲ್ಲ, ಇಳಿಯಲೂ ಇಲ್ಲ. "ಸಂಜೆ ಸದ್ದು ಕಡಿಮೆ ಆತು. ಕೆಳಗೆ ಅಂಗಳದಾಗೆ ತೊಟ್ಟಿ ಇತ್ತು. ಕ್ಯಾನು ತಗೊಂಡು ಎದ್ಲು. ನಾನು ಬ್ಯಾಡ ಅಂತ ಕೈ ಹಿಡಿದೆ. 'ನಿಮ್ದು ಆತಲ್ಲ ಅಕ್ಕ, ನನಗೆ ಬಾಯಾರೈತೆ' ಅಂದ್ಲು. ಸ್ವಲ್ಪ ಹೊತ್ತಿಗೆ ಬಂದು ಬಾಗಿಲು ಬಡಿದ್ಲು. 'ಒಂದು ಇಟ್ಟೀನಿ, ಒಳಗೆ ತಗಳ್ರಿ, ಇನ್ನೊಂದು ತರ್ತೀನಿ' ಅಂದು ಮತ್ತೆ ಇಳಿದು ಹೋದ್ಲು. ಹಾಸಿಗೆ ಸರಿಸೋದ್ರೊಳಗೆ ಗುಂಡು ಶುರುವಾತು. ನಾವು ಬಾಗಿಲು ತೆಗೀಲಿಲ್ಲ. ಬೆಳಿಗ್ಗೆ ತೆಗೆದ್ವಿ."

ಫ್ಯಾನು ತಿರುಗುತ್ತಿತ್ತು. ಸದಾಶಿವಪ್ಪ ಕೈಯಲ್ಲಿದ್ದ ಪುಸ್ತಕವನ್ನು, ತಾವು ಆಗಷ್ಟೇ ಓದಿದ ಪುಟವನ್ನು ನೋಡುತ್ತಿದ್ದರು.

"ಕ್ಯಾನು," ಎಂದರು.

"ಹೌದು ಮಾವ. ಅದೇ ಕ್ಯಾನು. ನಮ್ಮನ್ನ ಕರ್ಕಂಡು ಹೋಗೋ ಬಸ್ಸು ಬರೋ ತನಕ ಅದನ್ನೇ ಕುಡಿದ್ವಿ."

ಹೂವಮ್ಮ ಅಳಲಿಲ್ಲ. ಕೇಳಿದ್ದನ್ನು ಮತ್ತೊಮ್ಮೆ ಒಳಗೇ ಮೊದಲಿನಿಂದ ಕೇಳಿಕೊಳ್ಳುತ್ತಿರುವವರ ಹಾಗೆ ತುಟಿ ಅಲುಗಿಸುತ್ತ ಕೂತಿದ್ದರು. ಆಮೇಲೆ ಕತ್ತು ಓರೆ ಮಾಡಿ, "ಅವ್ಳು ಕುಡಿದಿದ್ಲಾ?" ಎಂದು ಕೇಳಿದರು. "ಕೆಳಗೆ, ತೊಟ್ಟೀಲಿ. ಕುಡ್ಕಂಡೇ ತುಂಬಿದ್ಲಾ, ಇಲ್ಲಾ ಆಮ್ಯಾಲೆ ಕುಡಿಯಣ ಅಂತ ಬಂದ್ಲಾ?"

ವಾಣಿಶ್ರೀಗೆ ಗೊತ್ತಿರಲಿಲ್ಲ. ಈ ಎರಡು ವರ್ಷ ಅವಳು ತನ್ನನ್ನು ತಾನು ಕೇಳಿಕೊಂಡದ್ದೂ ಇದನ್ನೇ. ಸುಳ್ಳು ಹೇಳಬಹುದಿತ್ತು. "ಗೊತ್ತಿಲ್ಲಮ್ಮ," ಎಂದಳು.

"ಕುಡಿದಿದ್ಲು," ಎಂದ ರಾಜಕುಮಾರ್.

ಅವನು ಕೀಯನ್ನು ಎರಡೂ ಕೈಯಲ್ಲಿ ಹಿಡಿದಿದ್ದ. "ಬೆಳಿಗ್ಗೆ ನಾನೇ ಕೆಳಗೆ ಹೋಗಿದ್ದು. ವಾಚ್‌ಮನ್ ಜೊತೆ ಮಣ್ಣು ಮಾಡಿದ್ದೂ ನಾನೇ. ತೊಟ್ಟಿ ಪಕ್ಕ ಇದ್ಲು. ಮುಖ ತೊಳ್ಕಂಡಿದ್ಲು. ಕೂದಲು ಒದ್ದೆ ಇತ್ತು. ಹೊಟ್ಟೆ ತುಂಬ ಕುಡಿದಿದ್ಲಮ್ಮ."

ಸೂಡಾನಿನ ಆ ಊರಿನಲ್ಲಿ ಹಿಂಡಿ ಹರವಿದ ಬಟ್ಟೆ, ಹರವಿದ ಕೈ ಇಳಿಸುವುದರೊಳಗೆ ಗರಿಗರಿಯಾಗುತ್ತಿತ್ತು, ರಾತ್ರಿಯಿಡೀ ಒದ್ದೆ ಉಳಿಯುವಂಥದ್ದು ಏನೂ ಇರಲಿಲ್ಲ. ವಾಣಿಶ್ರೀ ತಲೆ ತಗ್ಗಿಸಿದಳು.

"ಆಗ್ಲಿ," ಎಂದರು ಹೂವಮ್ಮ. "ಆಗ್ಲಿ. ಒಳ್ಳೇದಾತು."

ಸದಾಶಿವಪ್ಪ ಕನ್ನಡಕ ತೆಗೆದು ತೊಡೆಯ ಮೇಲಿಟ್ಟರು. ಅದಿಲ್ಲದೆ ಅವರ ಮುಖ ಸಣ್ಣದಾಗಿ ಕಾಣಿಸಿತು. "ನನಗೆ ಹೇಳಲಿಲ್ಲಲ್ಲೋ," ಎಂದರು ಮಗನಿಗೆ. "ಇಷ್ಟು ಬರೆದೆ. ಒಂದು ಮಾತು ಹೇಳಲಿಲ್ಲ. ಅಂಥಾ ಹೊತ್ತಿನಾಗೆ ಒಂದು ಗುಟುಕು ಕೊಟ್ಟಿದ್ರೆ ಶಿವ ಬ್ಯಾಡ ಅಂತಿದ್ನೇನೋ?"

"ನೀವು ಕಲಿಸಿದ್ದನ್ನೇ ಅಂದೆ ಅಪ್ಪಾಜಿ," ಎಂದ ರಾಜಕುಮಾರ್. "ಹೊತ್ತು ಗೊತ್ತು ನೋಡಬೇಕು ಅಂತ ನೀವು ಯಾವತ್ತೂ ಕಲಿಸಿರಲಿಲ್ಲ."

ಸದಾಶಿವಪ್ಪ ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಆಡಿದ್ದು ಬೇರೆಯೇ ಮಾತು. "ನಾಳೆ ಸ್ವಾಮಿಗಳು ಬರ್ತಾರೆ. ಐನೂರು ಮಂದಿಗೆ ಊಟ ಹೇಳೈತಿ. ಪತ್ರಿಕೆ ಹಂಚಿ ಆಗೈತಿ. ಈಗ ನಿಲ್ಲಿಸು ಅಂದ್ರೆ..."

"ಸುಮ್ನಿರ್ರೀ ಒಂದು ಗಳಿಗೆ," ಎಂದರು ರಾಜೇಶ್ವರಮ್ಮ. ಅವರು ಎದ್ದು ಒಳಗೆ ಹೋಗಿ ಚಹಾಕ್ಕೆ ಇಡಬೇಕೆಂದುಕೊಂಡವರು ನಡುವೆಯೇ ನಿಂತರು. ಎದುರಿಗೆ ಕೂತಿದ್ದವರಿಗೆ ಈಗ ಏನು ಕೊಟ್ಟರೆ ಸರಿ ಎಂದು ಅವರಿಗೆ ತೋಚಲಿಲ್ಲ.

ಹೂವಮ್ಮ ಫೋಟೋವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದರು. 

"ನಾನು ಇವತ್ತು ವಾಪಾಸು ಹೋಗಲ್ಲ," ಎಂದರು. ಯಾರ ಮುಖವನ್ನೂ ಬಿಡದೆ ಒಬ್ಬೊಬ್ಬರನ್ನೇ ನೋಡಿದರು, ಕೊನೆಗೆ, ನಾಳೆ ಎರಡು ಮಾತು ಹೇಳಬೇಕಾಗಿದ್ದ ವಾಣಿಶ್ರೀಯನ್ನು. "ಇಲ್ಲೇ ಜಗಲಿ ಮ್ಯಾಲೆ ಮಲಗ್ತೀನಿ. ನಾಳೆ ಮಠಕ್ಕೆ ನನ್ನೂ ಕರ್ಕಂಡ್ ಹೋಗ್ರಿ."

ರಾಜೇಶ್ವರಮ್ಮ ಗಂಡನ ಕಡೆ ನೋಡಿದರು. ಸದಾಶಿವಪ್ಪ ಮಗನ ಕಡೆ ನೋಡಿದರು. ರಾಜಕುಮಾರ್ ಹೆಂಡತಿಯ ಕಡೆ ನೋಡಿದ. ಮಾರುಕಟ್ಟೆಯ ಕಡೆಯಿಂದ ಜೋಳದ ದೂಳು ಹೊತ್ತ ಗಾಳಿ ಬೀಸಿ, ತೆರೆದ ಬಾಗಿಲು ಗೋಡೆಗೆ ಒಮ್ಮೆ ಬಡಿದು ನಿಂತಿತು.

"ಹಿಂದ್ಗಡೆ ಕೂತ್ಕತೀನಿ," ಎಂದರು ಹೂವಮ್ಮ. "ಕರ್ಕಂಡ್ ಹೋಗ್ರಿ."